ಸಂಪಿನ ಅಳತೆಕೋಲು

ನನ್ನ ಮೊಮ್ಮಗಳಿಗೆ ನೀರಾವರಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು! ಇಂಜಿನಿಯರ್ ಕೆಲಸ, ಅದೂ ಅಣೆಕಟ್ಟಿನ ಮೇಲೆ. ಇವತ್ತು ಮಧ್ಯಾಹ್ನ ಆರ್ಡರ್ ಬಂತು. ಕೈಗೆ ಸಿಕ್ಕ ಸಕ್ಕರೆ ಡಬ್ಬಿ ಹಿಡಿದುಕೊಂಡು ಸಾರಕ್ಕಿಯ ನಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಹೋಗಿ ಬಂದೆ. ಹೂವಿನವಳ ಬಾಯಿಗೂ ಹಾಕಿದೆ, ಗ್ಯಾಸ್ ಸಿಲಿಂಡರ್ ತಂದವನ ಬಾಯಿಗೂ ಹಾಕಿದೆ.

"ಏನಜ್ಜಿ, ನಿಮಗೇ ಕೆಲಸ ಸಿಕ್ಕಿದ ಹಾಗೆ ಓಡಾಡ್ತಿದ್ದೀರಲ್ಲ!" ಎಂದ ಅವನು.

ನನಗೇ ಸಿಕ್ಕಿದ್ದು ಅಂದುಕೋ ಎಂದೆ.

ಸಂಜೆ ಊಟಕ್ಕೆ ಹೋಳಿಗೆ ಮಾಡೋಣವೆಂದು ದೊಡ್ಡ ಪಾತ್ರೆ ಇಳಿಸಲು ಅಟ್ಟಕ್ಕೆ ಕೈ ಹಾಕಿದೆ. ಪಾತ್ರೆಯ ಜೊತೆ ಒಂದು ಕೋಲೂ ಜಾರಿ ಬಂತು. ತೇಗದ ಕೋಲು, ನನ್ನಷ್ಟೇ ಎತ್ತರ. ಉದ್ದಕ್ಕೂ ಬಿಳಿ ಗೆರೆಗಳು, ನಡುವೆ ಒಂದೇ ಒಂದು ಕೆಂಪು ಗೆರೆ. ಬೋರ್‌ವೆಲ್ ಕೊರೆಸಿದ ಮೇಲೆ ಅಟ್ಟ ಸೇರಿದ್ದು ಅದು. ಮೂಗಿಗೆ ಹಿಡಿದರೆ ಇನ್ನೂ ಸಂಪಿನ ವಾಸನೆ... ಒದ್ದೆ ಸಿಮೆಂಟು, ಪಾಚಿ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆ ಕೋಲು ನಮ್ಮ ಮಹಡಿ ಮನೆಯಲ್ಲಿದ್ದ ಇಂಜಿನಿಯರ್ ಸಾರ್ ಅವರದು. ತೊಂಬತ್ತರ ದಶಕದ ಮೊದಲ ವರ್ಷಗಳು. ಯಜಮಾನರು ತೀರಿಕೊಂಡಿದ್ದರು. ಹೊಲವೆಲ್ಲ ಸೈಟುಗಳಾಗಿ, ಉಳಿದ ತುಂಡು ಜಾಗದಲ್ಲಿ ನಾಲ್ಕು ಮನೆ ಎದ್ದಿದ್ದವು. ಒಂದರಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ನಾನು, ಮೂರರಲ್ಲಿ ಬಾಡಿಗೆಯವರು. ನಾಲ್ಕಕ್ಕೂ ಸೇರಿ ಒಂದೇ ಸಂಪು. ದಿನ ಬಿಟ್ಟು ದಿನ ಬರುವ ನೀರಿಗೆ ಬೆಳಗಾದರೆ ಕೊಡ ಹಿಡಿದು ಜಗಳ. ಒಂದು ಭಾನುವಾರ ಅವರು ಈ ಕೋಲಿಗೆ ಬಣ್ಣದಲ್ಲಿ ಗೆರೆ ಎಳೆದು ತಂದು ಸಂಪಿಗೆ ಇಳಿಸಿದರು. ನೀರು ಕೆಂಪು ಗೆರೆ ಮುಟ್ಟಿದ್ದರೆ ಮನೆಗೆ ಹನ್ನೆರಡು ಕೊಡ. ಅದಕ್ಕಿಂತ ಇಳಿದರೆ, ಇಳಿದಷ್ಟೂ ಎಲ್ಲರಿಗೂ ಸಮನಾಗಿ ಕಡಿಮೆ.

"ಜಾಗ ನಂದು, ಸಂಪು ನಂದು, ನನಗೂ ಅಷ್ಟೇನಾ ಸಾರ್?" ಎಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದೆ.

"ಸಂಪು ನಿಮ್ದೇ ಅಮ್ಮ. ನೀರು ಮಾತ್ರ ಎಲ್ಲಿಂದಲೋ ಬರ್ತಿದೆಯಲ್ಲ," ಎಂದು ನಕ್ಕರು. "ಆಫೀಸಲ್ಲೂ ನಂಗೆ ದಿನಾ ಇದೇ ಜಗಳ. ಅಲ್ಲಿನ ಸಂಪು ಸ್ವಲ್ಪ ದೊಡ್ಡದು, ಅಷ್ಟೆ."

ಅವರ ಕೆಲಸವೇ ಅದು. ಕಾವೇರಿಯ ಅಣೆಕಟ್ಟಿಗೆ ಎಷ್ಟು ನೀರು ಬಂತು, ಎಷ್ಟು ಉಳಿಯಿತು, ಕೆಳಗಿನವರಿಗೆ ಎಷ್ಟು ಬಿಡಬಹುದು... ಆ ಫೈಲು ಹಿಡಿದು, ಪಕ್ಕದ ರಾಜ್ಯದವರ ಜೊತೆ ಮಾತುಕತೆಗೆ ದೆಹಲಿಗೆ ಹೋಗಿ ಬರುತ್ತಿದ್ದರು. ಬಂದ ದಿನ ಸೂಟ್‌ಕೇಸನ್ನು ಮೆಟ್ಟಿಲ ಮೇಲಿಟ್ಟು, ಮೊದಲು ಸಂಪಿನ ಮುಚ್ಚಳ ತೆಗೆದು ಕೋಲು ನೋಡುವರು. ಇನ್ನೂ ಸ್ಕೂಲಿಗೆ ಸೇರದ ಮೊಮ್ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗೆರೆ ಎಣಿಸುವಳು. ಅವಳು ಒಂದು, ಎರಡು ಕಲಿತದ್ದೇ ಅಲ್ಲಿ.

ಆಮೇಲೊಂದು ವರ್ಷ ಮಳೆ ಕೈಕೊಟ್ಟಿತು. ಅವರು ದೆಹಲಿಯಿಂದ ಬಂದ ಮೂರನೇ ದಿನ, ಅಣೆಕಟ್ಟಿನ ಗೇಟು ತೆಗೆದು ನೀರು ಬಿಟ್ಟರಂತೆ ಎಂಬ ಸುದ್ದಿ ಬಂತು. ಊರೆಲ್ಲ ಕುದಿಯಿತು. ಸಂಜೆ ನಮ್ಮ ಗೇಟಿನ ಮುಂದೆ ಮೂವತ್ತು ನಲವತ್ತು ಜನ ಸೇರಿದರು. ನಾನು ಎತ್ತಿ ಆಡಿಸಿದವರೂ ಅದರಲ್ಲಿದ್ದರು.

"ನಮ್ಮ ನೀರು ಕೊಟ್ಟು ಬಂದೋನು ಇಲ್ಲೇ ಇರೋದಾ? ಕೆಳಗೆ ಕಳ್ಸಮ್ಮ!"

ಅವರು ತಾವೇ ಇಳಿದು ಬಂದರು. "ಕುಡಿಯೋಕೆ ಎಷ್ಟು ಬೇಕೋ ಅಷ್ಟು ಇಟ್ಕೊಂಡೇ ಬಿಟ್ಟಿರೋದು. ಕೂತ್ಕೊಳ್ಳಿ, ವಿವರ ಹೇಳ್ತೀನಿ," ಎಂದರು.

"ವಿವರ ಅಲ್ಲಿ ಹೇಳ್ಬೇಕಿತ್ತು ಗುರು!" ಎಂದು ಒಬ್ಬ ಕೂಗಿದ. ಒಂದು ಕಲ್ಲು ಬಂತು. ಮಹಡಿಯ ಕಿಟಕಿ ಗಾಜು ಪುಡಿಯಾಯಿತು...

ಜನ ಚದುರಿದ ಮೇಲೆ ನಾನೊಬ್ಬಳೇ ಮೆಟ್ಟಿಲು ಹತ್ತಿದೆ. ಅವರು ಗಾಜಿನ ಚೂರು ಗುಡಿಸುತ್ತಿದ್ದರು. ಮನೆ ಖಾಲಿ ಮಾಡಿ ಎಂದೆ.

"ಸರಿ ಅಮ್ಮ. ಮಗು ಇರೋ ಮನೆ ನಿಮ್ದು," ಎಂದರು, ಅಷ್ಟೇ.

ಅವರ ಹೆಂಡತಿ ಮಾತ್ರ ಬಾಗಿಲವರೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಆ ಕಡೆಯವರು ಕೇಳಿದ್ದು ಈಗ ಬಿಟ್ಟಿರೋದರ ಎರಡರಷ್ಟು ಅಮ್ಮ. ಇವರು ಊಟ ಬಿಟ್ಟು, ಹಟ ಹಿಡಿದು ಕೂತು ಅರ್ಧಕ್ಕೆ ಇಳಿಸ್ಕೊಂಡು ಬಂದಿದ್ದಾರೆ. ಮಾತುಕತೆ ಇನ್ನೂ ಮುಗಿದಿಲ್ವಲ್ಲ, ಅದನ್ನ ಹೊರಗೆ ಬಾಯಿ ಬಿಡೋ ಹಾಗಿಲ್ಲ."

ಆಗಲಾದರೂ ಇರಿ ಅನ್ನಬಹುದಿತ್ತು. ಅನ್ನಲಿಲ್ಲ.

ವಾರದೊಳಗೆ ಲಾರಿ ಬಂತು. ಸಾಮಾನು ಏರಿಸಿದ ಮೇಲೆ ಅವರು ಹಿಂದಿರುಗಿ ಬಂದು ಸಂಪಿನ ಮುಚ್ಚಳ ತೆಗೆದು ಕೋಲು ನೋಡಿದರು. "ಕೆಂಪು ಗೆರೆಗಿಂತ ಮೂರು ಗೆರೆ ಕೆಳಗಿದೆ ಅಮ್ಮ. ಆದ್ರೂ ಇವತ್ತು ಯಾರೂ ಕಮ್ಮಿ ಮಾಡ್ಕೊಳ್ಳೋದು ಬೇಡ. ನಮ್ಮನೆ ಪಾಲು ಮಿಗುತ್ತಲ್ಲ, ಸರಿಹೋಗುತ್ತೆ." ಕೋಲನ್ನು ನಮಗೇ ಬಿಟ್ಟು ಹೊರಟರು.

ಆ ಕೋಲಿನಿಂದ ಎಷ್ಟೋ ಬೇಸಿಗೆ ಜಗಳವಿಲ್ಲದೆ ಕಳೆದವು. ಕೇಳಿದವರಿಗೆಲ್ಲ, ಹೆತ್ತ ಮಗನಿಗೂ, ಅವರೇ ಹೆದರಿಕೊಂಡು ಖಾಲಿ ಮಾಡಿದರು ಎಂದೇ ಹೇಳಿಕೊಂಡು ಬಂದೆ. ಮೊಮ್ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಮನಸ್ಸು ತಡೆಯಲಿಲ್ಲ. ಅವರ ಮನೆ ಗಿರಿನಗರದಲ್ಲಿದೆಯೆಂದು ತಿಳಿದು, ಸ್ವೀಟ್ ಡಬ್ಬಿ ಹಿಡಿದು ಹುಡುಕಿಕೊಂಡು ಹೋದೆ. ಬಾಗಿಲು ತೆಗೆದದ್ದು ಹೆಂಡತಿ.

"ಅವರು ಹೋಗಿ ಎರಡು ವರ್ಷ ಆಯ್ತಮ್ಮ. ಒಳಗೆ ಬನ್ನಿ," ಎಂದು ಕೂರಿಸಿ, ಒಂದು ಲೋಟ ನೀರು ಕೊಟ್ಟರು. ತಪ್ಪಾಯಿತು ಅನ್ನಲು ಹೋದವಳು ಆ ನೀರು ಕುಡಿದು ಎದ್ದು ಬಂದೆ...

ಈ ಸಂಜೆ ಸುಬ್ರಹ್ಮಣ್ಯಪುರದಿಂದ ಮಗಳು, ಅಳಿಯ ಬಂದರು. ಹಾಲಿನಲ್ಲಿ ಎಲ್ಲರಿಗೂ ಎಲೆ ಹಾಕಿ, ಸೊಸೆ ಬಡಿಸಿ ತಾನೂ ಕೂತಳು. ಗೋಡೆಗೆ ಒರಗಿಸಿದ ಕೋಲು ಮಗನ ಕಣ್ಣಿಗೆ ಬಿತ್ತು.

"ಪಾಪ, ಆ ಸಾರ್ ಒಂದು ಕಲ್ಲಿಗೇ ಹೆದರಿ ಹೊರಟುಹೋದ್ರು, ಅಲ್ವಾಮ್ಮ?"

"ಅವರು ಹೆದರಲಿಲ್ಲ ಕಣೋ. ಹೆದರಿದ್ದು ನಾನು. ನಾನೇ ಕಳಿಸಿದ್ದು," ಎಂದೆ.

ಎಲ್ಲರ ಕೈ ಎಲೆಯ ಮೇಲೆ ನಿಂತಿತು. ಅವರ ಹೆಂಡತಿ ಹೇಳಿದ ಮಾತು, ಗಿರಿನಗರದ ನೀರು, ಒಂದನ್ನೂ ಮುಚ್ಚಿಡದೆ ಹೇಳಿದೆ. ಇಂಥ ಶುಭದಿನ ಇದು ಬೇಕಿತ್ತಾ ಎಂದು ಯಾರೂ ಅನ್ನಲಿಲ್ಲ. ಮೊಮ್ಮಗಳು ಕೋಲಿನ ಕಡೆಗೇ ನೋಡುತ್ತಿದ್ದಳು.

"ಅಣೆಕಟ್ಟಿನ ಊರಲ್ಲಿ ನಂಗೂ ಒಂದು ಬಾಡಿಗೆ ಮನೆ ನೋಡ್ಬೇಕಲ್ಲ ಅಜ್ಜಿ," ಎಂದಳು.

ಅವಳು ಜರುಗಿ ನನ್ನ ಪಕ್ಕಕ್ಕೆ ಬಂದು, ನನ್ನ ಹೋಳಿಗೆಗೆ ಒಂದು ಚಮಚ ತುಪ್ಪ ಹಾಕಿದಳು.

"ತಿನ್ನಜ್ಜಿ, ಆರಿಹೋಗುತ್ತೆ."

ನಾನು ಮುರಿದು ಬಾಯಿಗಿಟ್ಟುಕೊಂಡೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಊಟಕ್ಕೆ ಕೈ ಹಾಕಿದರು.