ಚಿದಂಬರನ ಹ್ಯಾಂಡ್‌ಬ್ರೇಕು

ಚಿದಂಬರನಿಗೆ ಅಸಹ್ಯವಾಗದ ವಸ್ತುಗಳು ಈ ಲೋಕದಲ್ಲಿ ಬಹಳ ಕಡಿಮೆ. ಹೋಟೆಲಿನ ಲೋಟ, ಬ್ಯಾಂಕಿನಲ್ಲಿ ದಾರ ಕಟ್ಟಿ ಇಟ್ಟಿರುವ ಪೆನ್ನು, ಪಕ್ಕದವರು ಓದಿ ಕೊಟ್ಟ ಪೇಪರು, ಎಲ್ಲವೂ ಹೇಸಿಗೆಯೇ. ಲಿಫ್ಟಿನ ಗುಂಡಿಯನ್ನು ಅವನು ಬೆರಳಿನ ಗೆಣ್ಣಿನಿಂದ ಒತ್ತುತ್ತಿದ್ದ. ಇಂಥ ಮನುಷ್ಯನನ್ನು ದೇವರು ಚಿಂತಾಮಣಿಯಿಂದ ಎತ್ತಿ ತಂದು ದೆಹಲಿಯ ಬಸ್ಸುಗಳಲ್ಲಿ ಹದಿನೇಳು ವರ್ಷ ನಿಲ್ಲಿಸಿಬಿಟ್ಟಿದ್ದ. ಮಯೂರ್ ವಿಹಾರದ ಮನೆಯಿಂದ ಅವನು ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯ ಲೈಬ್ರರಿಗೆ ಒಂದೂಕಾಲು ಗಂಟೆಯ ದಾರಿ. ಅಷ್ಟು ಹೊತ್ತೂ ಯಾರದೋ ಕಂಕುಳು ಮೂಗಿನ ಮುಂದೆ, ಯಾರದೋ ಮೊಣಕೈ ಪಕ್ಕೆಯಲ್ಲಿ. ಮುಂದಿನ ಸೀಟಿನವನು ಕಿಟಕಿಯಾಚೆ ಉಗಿದ ಗುಟ್ಕಾ ಗಾಳಿಗೆ ತಿರುಗಿ ಇವನ ಕೆನ್ನೆಗೆ. ಸಂಜೆ ಮನೆಗೆ ಬಂದವನು ಯಾರನ್ನೂ ಮಾತಾಡಿಸದೆ ನೇರ ಬಚ್ಚಲಿಗೆ ಹೋಗುತ್ತಿದ್ದ. ಹೆಂಡತಿ ವೈಜಯಂತಿ ಟವಲು ಹಿಡಿದುಕೊಂಡೇ ಬಾಗಿಲು ತೆಗೆಯುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ಅವನು ಬೆಳ್ಳಿ ಬಣ್ಣದ ಪುಟ್ಟ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡ. ನಾಲ್ಕು ಬಾಗಿಲು ಹಾಕಿ, ಗಾಜು ಏರಿಸಿ, ಏಸಿ ಹಚ್ಚಿದರೆ ಆಯಿತು, ದೆಹಲಿ ಅಷ್ಟೂ ಹೊರಗೆ. ನಿಜಾಮುದ್ದೀನ್ ಸೇತುವೆಯ ಮೇಲೆ ಅರ್ಧ ಗಂಟೆ ಸಿಕ್ಕಿಹಾಕಿಕೊಂಡರೂ ಅವನಿಗೆ ಬೇಜಾರಿರಲಿಲ್ಲ. ಪಕ್ಕದ ಬಸ್ಸಿನಲ್ಲಿ ಜೋತುಬಿದ್ದವರನ್ನು ನೋಡುತ್ತಾ ಹಾಯಾಗಿ ಕೂತಿರುತ್ತಿದ್ದ. ಸೀಟಿನ ಪ್ಲಾಸ್ಟಿಕ್ಕನ್ನು ಒಂದು ವರ್ಷ ತೆಗೆಯಲೇ ಇಲ್ಲ. ಕಾರಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಕೂರುವ ಮುಂಚೆ ಚಪ್ಪಲಿಯನ್ನು ಒಂದಕ್ಕೊಂದು ಬಡಿದು ಧೂಳು ಉದುರಿಸಬೇಕು. ಮಗಳು ಧಾರಿಣಿ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. "ಪಪ್ಪಾ, ಯೇ ಕಾರ್ ಹೈ ಯಾ ಮಂದಿರ್?" ಎಂದು ಕೇಳಿದ್ದಳು. ಮಂದಿರವಾದರೂ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ, ಇದು ಅದಕ್ಕಿಂತ ಬಿಗಿ.

ಆದರೆ ಕಾರನ್ನು ರಾತ್ರಿ ಎಲ್ಲಾದರೂ ನಿಲ್ಲಿಸಬೇಕಲ್ಲ. ಅವರ ಹೌಸಿಂಗ್ ಸೊಸೈಟಿ ಕಟ್ಟಿದಾಗ ಅರವತ್ತು ಮನೆಗೆ ಇಪ್ಪತ್ತು ಕಾರು ಸಾಕೆಂದುಕೊಂಡಿದ್ದರು. ಈಗ ಎಪ್ಪತ್ತು ಕಾರುಗಳಿದ್ದವು. ಹಾಗಾಗಿ ಒಂದರ ಮುಂದೆ ಒಂದು ಅಡ್ಡ ನಿಲ್ಲಿಸುವುದು, ಬೆಳಿಗ್ಗೆ ಬೇಕಾದವರು ಬೇಡದ ಕಾರುಗಳನ್ನು ಕೈಯಿಂದ ತಳ್ಳಿ ದಾರಿ ಮಾಡಿಕೊಳ್ಳುವುದು. ಅದಕ್ಕೊಂದು ನಿಯಮ: ಕಾರನ್ನು ನ್ಯೂಟ್ರಲ್‌ನಲ್ಲಿ ಬಿಡಬೇಕು, ಹ್ಯಾಂಡ್‌ಬ್ರೇಕು ಹಾಕಕೂಡದು. ದೆಹಲಿಯಲ್ಲಿ ಎಲ್ಲ ಕಡೆಯೂ ಇದೇ ಪದ್ಧತಿ. ಊರಲ್ಲಿ ಡ್ರೈವಿಂಗ್ ಕಲಿಸಿದ ಮೇಷ್ಟ್ರು ಹ್ಯಾಂಡ್‌ಬ್ರೇಕು ಎಳೆಯದೆ ಇಳಿದರೆ ತಲೆಗೆ ಮೊಟಕುತ್ತಿದ್ದರು. ಇಲ್ಲಿ ಎಳೆದರೆ ಅರವತ್ತು ಮನೆಯವರೂ ಬೈಯುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ತಳ್ಳುತ್ತಿದ್ದವರು ಕೆಳಗಿನ ಮನೆಯ ಗುಲಾಟಿಯವರು. ರಿಟೈರಾದ ಪಂಜಾಬಿ, ಎಪ್ಪತ್ತೊಂದು ವರ್ಷ. ಬೇಸಿಗೆ ಚಳಿಗಾಲ ಎನ್ನದೆ ಬೆಳಗಾಗುತ್ತಲೇ ಮೈಗೆಲ್ಲ ಸಾಸಿವೆ ಎಣ್ಣೆ ತಿಕ್ಕಿಕೊಂಡು, ಬನಿಯನ್ನಿನಲ್ಲಿ ಹೊರಗೆ ಬಂದು, ಇಡೀ ಸಾಲಿನ ಕಾರುಗಳನ್ನು ಹಿಂದೆ ಮುಂದೆ ತಳ್ಳಿ ಹೊಂದಿಸುತ್ತಿದ್ದರು. ನಡುವೆ ಒಮ್ಮೆ ಬೆರಳಲ್ಲೇ ಮೂಗು ಸೀಟಿ ಗೋಡೆಗೆ ಒರೆಸುವುದು, ಅದೇ ಕೈಯಲ್ಲಿ ಮುಂದಿನ ಕಾರು. ಚಿದಂಬರ ಕೆಳಗಿಳಿಯುವ ಹೊತ್ತಿಗೆ ಹಿಂದಿನ ಗಾಜಿನ ಮೇಲೆ ಎರಡು ಅಂಗೈ, ಹತ್ತು ಬೆರಳು, ಅದರ ಮೇಲೆ ಕೂತ ಧೂಳು. ಅವನು ಡೆಟಾಲು ಹಾಕಿದ ನೀರಲ್ಲಿ ಬಟ್ಟೆ ಅದ್ದಿ ಒರೆಸುತ್ತಾ, ಅಪ್ಪಟ ಕನ್ನಡದಲ್ಲಿ ಬೈದುಕೊಳ್ಳುತ್ತಿದ್ದ. ಗುಲಾಟಿಯವರು ಅಲ್ಲೇ ನಿಂತು "ಚಿದಂಬರ್‌ಜೀ, ನಿಮ್ಮ ಕಾರು ಹಗುರ, ಮಗು ಥರ ಬರುತ್ತೆ" ಎಂದು ಹಿಂದಿಯಲ್ಲಿ ಹೊಗಳುತ್ತಿದ್ದರು.

ಅವರು ಹಾಗೆ ಸಾಲು ಸರಿಮಾಡುತ್ತಿದ್ದುದಕ್ಕೆ ಕಾರಣವಿತ್ತು. ಅವರ ಹೆಂಡತಿ ಕಾಂತಾ ಆಂಟಿಗೆ ಎರಡೂ ಮೂತ್ರಪಿಂಡ ಹೋಗಿ, ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಡಯಾಲಿಸಿಸ್. ಕಾಲುಗಳು ಊದಿಕೊಂಡು ಆಟೋ ಹತ್ತಲಾಗುತ್ತಿರಲಿಲ್ಲ. ಗುಲಾಟಿಯವರ ಹಳೆ ಕಾರೇ ಗತಿ. ತಡವಾದರೆ ಮೆಷಿನ್ನು ಮುಂದಿನವರಿಗೆ ಹೋಗುತ್ತದೆ, ಆಂಟಿಯ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಇದು ಸೊಸೈಟಿಯಲ್ಲಿ ಎಲ್ಲರಿಗೂ ಗೊತ್ತು, ಚಿದಂಬರನಿಗೂ ಗೊತ್ತು.

ಎರಡು ಸಾವಿರದ ಏಳರಲ್ಲಿ ಆಯುಧಪೂಜೆ ಶನಿವಾರ ಬಂತು. ಚಿದಂಬರ ಹಿಂದಿನ ಸಂಜೆಯೇ ಕಾರನ್ನು ಸಾಲಿನ ತುದಿಗೆ, ಗೇಟಿನ ಬಳಿಯ ನಲ್ಲಿಯ ಹತ್ತಿರ ತಂದು ನಿಲ್ಲಿಸಿದ್ದ. ರಂಗೋಲಿ ಹಾಕಲು ಚೊಕ್ಕಟ ಜಾಗ ಅಲ್ಲಿ ಮಾತ್ರ ಇತ್ತು. ಒಳಗಿನ ಕಾರುಗಳೆಲ್ಲ ಅದನ್ನು ಸರಿಸಿಯೇ ಹೋಗಬೇಕು. ಬೆಳಿಗ್ಗೆ ಕಾರು ತೊಳೆದು, ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದ. ಪೂಜೆಗಿಟ್ಟ ಆಯುಧವನ್ನು ಆ ದಿನ ಎತ್ತಬಾರದು, ವಿಜಯದಶಮಿಗೇ ಮತ್ತೆ ಮುಟ್ಟುವುದು. ಕೊನೆಗೆ ಮಂಗಳಾರತಿ ಎತ್ತುವಾಗ ಅವನಿಗೆ ಕಂಡದ್ದು ದೇವರಲ್ಲ, ಸಾಸಿವೆ ಎಣ್ಣೆಯ ಎರಡು ಅಂಗೈ. ಇವತ್ತೊಂದು ದಿನ ಆ ಮುದುಕ ಈ ಕಾರನ್ನು ಮುಟ್ಟಕೂಡದು ಎಂದುಕೊಂಡ. ಒಳಗೆ ಕೂತು ಮೊದಲ ಗೇರು ಹಾಕಿದ, ಹ್ಯಾಂಡ್‌ಬ್ರೇಕು ಕಟಕಟ ಎಂದು ಮೇಲಕ್ಕೆಳೆದ, ಸ್ಟಿಯರಿಂಗು ಲಾಕ್ ಮಾಡಿ ಇಳಿದ.

ಮೂವರೂ ಆಟೋದಲ್ಲಿ ಕನ್ನಡ ಸಂಘದ ದಸರಾ ಕಾರ್ಯಕ್ರಮಕ್ಕೆ ಹೊರಟರು. ಗೇಟು ದಾಟುವಾಗ ವೈಜಯಂತಿ ತಿರುಗಿ ನೋಡಿದಳು.

"ರೀ, ಇವತ್ತು ಶನಿವಾರ. ಕಾಂತಾ ಆಂಟಿ ಹೋಗಬೇಕಲ್ವಾ? ಕಾರು ನ್ಯೂಟ್ರಲ್‌ನಲ್ಲಿದೆ ತಾನೆ?"

"ಇದೆ, ನಡಿ," ಅಂದ ಚಿದಂಬರ. ಸುಳ್ಳು ಹೇಳಿದೆ ಅನ್ನಿಸಲೂ ಇಲ್ಲ ಅವನಿಗೆ. ಒಂದು ದಿನ ಬೇರೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳಲಿ, ದೆಹಲಿಯಲ್ಲಿ ಟ್ಯಾಕ್ಸಿಗೇನು ಬರವೇ ಎಂದುಕೊಂಡಿದ್ದ.

ಸಂಘದ ಹಾಲಿನಲ್ಲಿ ಸಂಗೀತ ಶುರುವಾದಾಗ ಮೊಬೈಲು ಸೈಲೆಂಟಿಗೆ ಹಾಕಿದ. ಊಟಕ್ಕೆ ಕೂತಾಗ ಎಲೆ ಪಕ್ಕದವರದಕ್ಕೆ ತಾಗಿದೆಯೆಂದು ಎರಡು ಸಲ ಜಾಗ ಬದಲಾಯಿಸಿದ. ಹೋಳಿಗೆ ಚೆನ್ನಾಗಿತ್ತು. ಎರಡೂವರೆಗೆ ಕೈತೊಳೆದು ಮೊಬೈಲು ತೆಗೆದು ನೋಡಿದರೆ ಹತ್ತೊಂಬತ್ತು ಮಿಸ್ಡ್ ಕಾಲ್. ಹನ್ನೊಂದರಿಂದ ಹನ್ನೆರಡರೊಳಗೆ, ಎಲ್ಲವೂ ಗುಲಾಟಿಯವರದೇ.

ವಾಪಸು ಬಂದಾಗ ಕಾರು ರಂಗೋಲಿಯ ಮೇಲಿರಲಿಲ್ಲ. ಮೂರು ಅಡಿ ಆಚೆ, ಗೋಡೆಗೆ ಓರೆಯಾಗಿ ಒರಗಿತ್ತು. ಹಾರ ಹರಿದು ಬಿದ್ದಿತ್ತು. ಚೌಕೀದಾರ ನಡೆದದ್ದನ್ನೆಲ್ಲ ಹೇಳಿದ. ಹನ್ನೊಂದಕ್ಕೆ ಆಂಟಿಯನ್ನು ಕಾರಿನಲ್ಲಿ ಕೂರಿಸಿ ಗುಲಾಟಿ ಸಾಹೇಬರು ಇದನ್ನು ತಳ್ಳಿದರಂತೆ, ಅಲ್ಲಾಡಲಿಲ್ಲ. ಫೋನಿನ ಮೇಲೆ ಫೋನು ಮಾಡಿದರು. ಟ್ಯಾಕ್ಸಿಯವನು ದುರ್ಗಾಪೂಜೆಯ ಜನಜಂಗುಳಿ, ಒಂದೂವರೆ ಗಂಟೆ ಆಗುತ್ತೆ ಅಂದ. ಆಂಟಿಗೆ ಮೇಲುಸಿರು ಬರತೊಡಗಿತು. ಕೊನೆಗೆ ಮನೆಮನೆಯಿಂದ ಎಂಟು ಜನ ಗಂಡಸರನ್ನು ಕರೆದು, ಕಾರನ್ನು ಅನಾಮತ್ತಾಗಿ ಎತ್ತಿ ಪಕ್ಕಕ್ಕಿಟ್ಟರು.

ಚಿದಂಬರ ಕಾರನ್ನು ಒಂದು ಸುತ್ತು ಬಂದು ನೋಡಿದ. ಹೌದು, ಅಂಥ ಹೊತ್ತಿನಲ್ಲೂ ಅವನು ಮೊದಲು ನೋಡಿದ್ದು ಕಾರನ್ನೇ. ಗಾಜಿನ ಮೇಲೆ ಎಣ್ಣೆಯ ಗುರುತು ಒಂದೂ ಇರಲಿಲ್ಲ. ಅವನು ಹುಡುಕುತ್ತಿರುವುದು ಏನೆಂದು ಚೌಕೀದಾರನಿಗೆ ಅರ್ಥವಾಯಿತು.

"ಗುಲಾಟಿ ಸಾಹೇಬರು ತಳ್ಳುವ ಮೊದಲೇ ತಮ್ಮ ಕೈ ತೊಳೆದಿದ್ದರು, ಎತ್ತುವಾಗ ಎಲ್ಲರ ಕೈಯನ್ನೂ ನಲ್ಲಿಯಲ್ಲಿ ಸೋಪು ಹಾಕಿ ತೊಳೆಸಿದರು ಸಾಬ್. ಚಿದಂಬರ್‌ಜೀಗೆ ನಮ್ಮ ಕೈ ತಾಗಿದರೆ ಆಗಲ್ಲ, ಪೂಜೆ ಬೇರೆ ಮಾಡಿದ್ದಾರೆ ಅಂದರು," ಎಂದ.

ವೈಜಯಂತಿ ಗಂಡನ ಮುಖ ನೋಡದೆ ಮೆಟ್ಟಿಲು ಹತ್ತಿ ಹೋದಳು. ಚಿದಂಬರನಿಗೆ ಮೈಯೆಲ್ಲ ಹಿಡಿಯಾದಂತಾಯಿತು. ಈ ಸಲ ಹೇಸಿಗೆ ಹುಟ್ಟಿದ್ದು ತನ್ನ ಮೇಲೆಯೇ, ಅದನ್ನು ತೊಳೆಯಲು ಯಾವ ಬಚ್ಚಲಿಗೆ ಹೋಗುವುದೋ ತಿಳಿಯಲಿಲ್ಲ.

ಆಂಟಿಯ ಸರದಿ ತಪ್ಪಿ ಹೋಗಿತ್ತು. ಮತ್ತೆ ಮೆಷಿನ್ನು ಖಾಲಿಯಾಗುವಷ್ಟರಲ್ಲಿ ಸಂಜೆ ಆರಾಯಿತು, ಅಷ್ಟರಲ್ಲಿ ಶ್ವಾಸಕೋಶಕ್ಕೆ ನೀರು ಇಳಿದಿತ್ತು. ಆರು ದಿನ ಐಸಿಯುನಲ್ಲಿದ್ದು ಬದುಕಿ ಬಂದರು, ಆದರೆ ಯಾರಾದರೂ ಹಿಡಿದುಕೊಳ್ಳದೆ ಕೂರುವ ಶಕ್ತಿಯೂ ಹೋಯಿತು. ಚಿದಂಬರ ಅವರ ಮನೆಗೆ ಹೋಗಿ, ನಿಂತುಕೊಂಡೇ ಕ್ಷಮೆ ಕೇಳಿದ. ಮರೆವಿನಿಂದ ಆಗಿರುತ್ತೆ ಬಿಡಿ ಎಂದರು ಗುಲಾಟಿಯವರು. ಮರೆವಲ್ಲ ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ. ನೀವು ಆಂಟಿಯನ್ನು ಹಿಡಿದುಕೊಳ್ಳಿ, ಇನ್ನು ಮೇಲೆ ಮೂರು ದಿನವೂ ನಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಮುದುಕರು ಬೇಡವೆಂದರು, ಹೆಂಡತಿಯ ಕಡೆ ನೋಡಿದರು, ಆಮೇಲೆ ಒಪ್ಪಿಕೊಂಡರು.

ಮೊದಲ ಮಂಗಳವಾರ ರಜೆ ಹಾಕಿ ಕರೆದುಕೊಂಡು ಹೋದ. ಲೈಬ್ರರಿಯ ಇಪ್ಪತ್ತು ವರ್ಷದಲ್ಲಿ ಅವನು ಮಾಡಿದ ಯಾವ ಕೆಲಸವೂ ಇಷ್ಟು ಒಳ್ಳೆಯದಾಗಿರಲಿಲ್ಲವೆಂದು ಅವನಿಗೆ ಅನ್ನಿಸಿತ್ತು. ಡಯಾಲಿಸಿಸ್ ಮುಗಿಸಿ ಹೊರಟಾಗ ಸಂಜೆ ಐದು. ಸೇತುವೆಯ ಮೇಲೆ ಕಾರುಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಹಿಂದಿನ ಸೀಟಿನಲ್ಲಿ ಗುಲಾಟಿಯವರ ಭುಜಕ್ಕೆ ಒರಗಿದ್ದ ಆಂಟಿ ಒಮ್ಮೆ ಬಿಕ್ಕಿ, ಸೀಟಿನ ಮೇಲೆ, ಬಾಗಿಲ ಮೇಲೆ, ಕೆಳಗಿನ ಮ್ಯಾಟಿನ ಮೇಲೆ ವಾಂತಿ ಮಾಡಿಕೊಂಡರು.

ಪರವಾಗಿಲ್ಲ ಎನ್ನಬೇಕಿತ್ತು. ಎರಡೇ ಸಲ ನಾಲಿಗೆ ಹೊರಳಿಸಿದರೆ ಮುಗಿಯುವ ಮಾತು. ಚಿದಂಬರನ ಹಲ್ಲು ಕಚ್ಚಿಕೊಂಡವು, ಅವನಿಗೇ ತಿಳಿಯದೆ ಕೈ ಗಾಜು ಇಳಿಸಿತು. ಕನ್ನಡಿಯಲ್ಲಿ ನೋಡಿದರೆ ಗುಲಾಟಿಯವರು ತಮ್ಮ ಕುರ್ತಾದ ಚುಂಗನ್ನು ಎಳೆದು ಸೀಟು ಒರೆಸುತ್ತಿದ್ದರು. ಅದು ಸಾಲದೆ ಬರಿಗೈಯಲ್ಲಿ ಬಳಿದರು, ಬಳಿದದ್ದನ್ನು ಕುರ್ತಾದ ಮಡಿಲಲ್ಲಿ ತುಂಬಿಕೊಂಡರು.

"ಬೇಟಾ, ಸಿಟ್ಟಾಗಬೇಡ," ಎಂದರು ಆಂಟಿ ಹಿಂದಿಯಲ್ಲಿ, ಉಸಿರೆಳೆದುಕೊಳ್ಳುತ್ತಾ. "ಇವರು ಪೂರ್ತಿ ಒರೆಸಿಬಿಡುತ್ತಾರೆ."

ಮುದುಕರು ಒರೆಸುತ್ತಲೇ ಇದ್ದರು, ಚಿದಂಬರ ಬೇಡವೆನ್ನಲಿಲ್ಲ. ಮುಂದಿನ ಕಾರು ಎರಡು ಅಡಿ ಸರಿಯಿತು, ಇವನೂ ಸರಿಸಿದ.