ಹಳೇ ಸರ್ವರ್‌ಗೆ ಬೇರೆ ಸೌಟು

ಮೊಮ್ಮಗಳು ಗೆದ್ದಳು! ಅವಳ ಕಾಲೇಜಿನ ಹಳೇ ಲಿನಕ್ಸ್ ಸರ್ವರಿನಲ್ಲಿ ಅಂಕಿ-ಅಂಶದ ಸಾಫ್ಟ್‌ವೇರ್ ಕೊನೆಗೂ ಕೂತಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಇವತ್ತು ಬರೆಯದೆ ಇರಲಾರೆ.

ತಮಿಳುನಾಡಿನ ನಮ್ಮ ಕ್ರೋಂಪೇಟೆಯ ಬಾವಿಬಾವಿಗೂ ಹೋಗಿ ಅವಳು ಒಂದು ವರ್ಷ ನೀರು ತಂದು ಪರೀಕ್ಷೆ ಮಾಡಿದ್ದಳು. ಅದರ ಅಂಕಿಗಳನ್ನೆಲ್ಲ ವಿಶ್ಲೇಷಿಸಿ ಸೋಮವಾರ ವರದಿ ಒಪ್ಪಿಸದಿದ್ದರೆ ಪದವಿ ಆರು ತಿಂಗಳು ಮುಂದಕ್ಕೆ. ಅಷ್ಟನ್ನು ಹೊರುವ ಶಕ್ತಿ ಅವಳ ಲ್ಯಾಪ್‌ಟಾಪಿಗಿಲ್ಲ. ಕಾಲೇಜಿನ ದೊಡ್ಡ ಕಂಪ್ಯೂಟರೇ ಬೇಕು. ಅದೋ ಹಳೆಯದು. ಅದನ್ನು ನೋಡಿಕೊಳ್ಳುವ ಮೇಷ್ಟ್ರು, ಬೇರೆಯವರ ಕೆಲಸ ಅದರಲ್ಲಿ ಓಡುತ್ತಿದೆ, ಇದ್ದದ್ದನ್ನು ಮುಟ್ಟಬೇಡ, ಬೇಕಾದ್ದನ್ನು ನಿನ್ನ ಫೋಲ್ಡರಿನಲ್ಲಿ ಹಾಕಿಕೋ ಎಂದಿದ್ದರು.

ಭಾನುವಾರ ಬೆಳಿಗ್ಗೆ ಮನೆಯಿಂದಲೇ ಶುರು ಮಾಡಿದಳು. ಸರ್ವರಿನ ಒಳಗಿನ ಒಂದು ಸಾಮಾನು ಹಳೆಯದಾಯಿತೆಂದು ಸಾಫ್ಟ್‌ವೇರ್ ತಕರಾರು ತೆಗೆಯಿತು. ಹೊಸದನ್ನು ತಂದು ತನ್ನ ಫೋಲ್ಡರಿನಲ್ಲಿಟ್ಟಳು. ಮತ್ತೆ ಅದೇ ತಕರಾರು. ಐದು ಸಲವೂ ಅದೇ. ಊಟಕ್ಕೂ ಏಳಲಿಲ್ಲ. ಕಾಲೇಜಿನಲ್ಲಿ ಇನ್ನಷ್ಟು ಸಮಯ ಕೇಳಿ ನೋಡು ಎಂದು ನನ್ನ ಮಗ ಹೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದಳು, ಅಷ್ಟೆ. ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ.

“ಅಜ್ಜ, ಚುಮ್ಮಾ ಇರಿ. ಇದು ಸಾಂಬಾರಲ್ಲ.”

“ಸಾಂಬಾರಿನ ಹಾಗೇ ಹೇಳು ಮಾರಾಯ್ತಿ, ಕೇಳ್ತೇನೆ.”

ಅರ್ಧ ತಮಿಳಿನಲ್ಲಿ ಹೇಳಿದಳು. ನನಗೆ ಇಲ್ಲೇ ಪೇಟೆಯೊಳಗೆ ಪ್ಯಾರೀಸ್ ಕಾರ್ನರ್ ಎಂಬಲ್ಲಿದ್ದ ಹೋಟೆಲು ನೆನಪಾಯಿತು. ಅಲ್ಲಿ ನಾನು ಅಡುಗೆಯವನಾಗಿದ್ದೆ. ಈರುಳ್ಳಿ ತಿನ್ನದ ಗಿರಾಕಿಗಳಿಗೆಂದು ಮೂಲೆಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ಒಂದು ದಿನ ಎಲ್ಲ ಬೇರೆಯಾಗಿಯೇ ಇಟ್ಟಿದ್ದೆ. ಆದರೆ ಕೈ ಅಭ್ಯಾಸದಂತೆ ಈರುಳ್ಳಿ ಹಾಕಿದ ದೊಡ್ಡ ಸಾಂಬಾರಿನ ಸೌಟನ್ನೇ ಎತ್ತಿ ಆ ಬೇರೆ ಪಾತ್ರೆಯೊಳಗೆ ಅದ್ದಿತು. ಇಡೀ ಪಾತ್ರೆ ಬದಿಗಿಟ್ಟು ಮತ್ತೆ ಮೊದಲಿನಿಂದ ಬೇಯಿಸಿದ್ದೆ. ಅದನ್ನೇ ಅವಳಿಗೆ ಹೇಳಿದೆ.

“ಹೊಸತು ತಂದಿಟ್ಟಿದ್ದಿ, ಸರಿ ಮಗಾ. ಆದರೆ ನಿನ್ನ ಸಾಫ್ಟ್‌ವೇರ್ ಸೌಟು ತೆಗೆಯುವುದು ಯಾವ ಬದಿಯಿಂದ?”

ಅವಳ ಬೆರಳು ನಿಂತಿತು. ಏನೋ ಬರೆದು ನೋಡಿದಳು.

“ಹಳೇ ಬದಿಯಿಂದಲೇ, ಅಜ್ಜ,” ಎಂದಳು ಮೆಲ್ಲಗೆ.

ಮೊದಲು ನನ್ನ ಫೋಲ್ಡರಿನಲ್ಲಿ ಹುಡುಕು ಎಂದು ಅದಕ್ಕೆ ಒಂದು ಸಾಲು ಬರೆದುಕೊಟ್ಟಳು. ಆ ತಕರಾರು ಹೋಯಿತು. ಇನ್ನೆರಡು ಬಂದವು. ಅವನ್ನೂ ಬಿಡಲಿಲ್ಲ, ಕಾಫಿ ಆರಿ ಕೆನೆಗಟ್ಟಿದರೂ ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಪರದೆಯ ಮೇಲೆ ಬಾವಿಗಳ ಅಂಕಿಗಳೆಲ್ಲ ಏರಿಳಿಯುವ ಗೆರೆಗಳಾಗಿ ನಿಂತವು. ಅವಳು ನನ್ನ ಹೆಗಲಿಗೆ ತಲೆಯಿಟ್ಟಳು. ನನ್ನ ಕಣ್ಣಿಗೆ ಗೆರೆ ಕಾಣಿಸಲಿಲ್ಲ, ಎಲ್ಲ ಮಂಜು.

ಸಂಜೆ ಹೆಂಡತಿ ಹುಳಿ, ಪಲ್ಯ, ಪಾಯಸ ಮಾಡಿದಳು. ಮಗ, ಸೊಸೆ, ನಾವಿಬ್ಬರು ಸಾಲಾಗಿ ಕೂತೆವು. ಬೆಳಿಗ್ಗೆಯಿಂದ ಉಪವಾಸವಿದ್ದವಳೇ ಬಡಿಸಲು ನಿಂತಳು. ನನ್ನ ಎಲೆಯ ಮುಂದೆ ಬಗ್ಗಿ, ಈ ಸೌಟು ಯಾವ ಬದಿಯದ್ದೆಂದು ಕೇಳಿದಳು. ಎಲ್ಲರೂ ನಕ್ಕರು. ಅವಳೂ ಪಕ್ಕದಲ್ಲಿ ಕೂತು ಅನ್ನ ಕಲಸಿದ ಮೇಲೆಯೇ ನಾನು ಮೊದಲ ತುತ್ತು ಎತ್ತಿದ್ದು.