ಮೂರನೇ ನಂಬರಿನ ಜಗಳ

ಮುಂಬೈನ ಗೋರೆಗಾಂವ್‌ನ ಆ ಆಫೀಸಿಗೆ ಕಂಪ್ಯೂಟರ್ ರಿಪೇರಿಗೆಂದು ನಾನು ಹೋಗುತ್ತಿದ್ದುದು ಅದು ನಾಲ್ಕನೇ ದಿನ. ಅವರ ಹೊಸ ಲ್ಯಾಪ್‌ಟಾಪಿಗೆ ಎರಡು ಕಾರ್ಡು ಹಾಕಬೇಕಿತ್ತು. ಒಂದು ಫೋನ್ ಲೈನಿಗೆ, ಇನ್ನೊಂದು ಆಫೀಸಿನ ಉಳಿದ ಕಂಪ್ಯೂಟರುಗಳಿಗೆ. ಒಂದೊಂದೇ ಹಾಕಿದರೆ ಎರಡೂ ಚೊಕ್ಕವಾಗಿ ಕೆಲಸ ಮಾಡುತ್ತಿದ್ದವು. ಒಟ್ಟಿಗೆ ಹಾಕಿದರೆ ಪರದೆ ಕಲ್ಲಾಗುತ್ತಿತ್ತು. ಪ್ರೊಸೆಸರನ್ನು ಕರೆಯಲು ಪ್ರತಿ ಕಾರ್ಡಿಗೂ ತನ್ನದೇ ಆದ ಇಂಟರಪ್ಟ್ ನಂಬರ್ ಬೇಕು. ಈ ಎರಡಕ್ಕೂ ಮೂರನೇ ನಂಬರೇ ಬೇಕಿತ್ತು. ಬೇರೆ ನಂಬರ್ ಕೊಟ್ಟರೆ ಮೌಸ್ ಸಾಯುತ್ತಿತ್ತು, ಇಲ್ಲವೇ ಪ್ರಿಂಟರ್. ಇವತ್ತೂ ಆಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ನಮ್ಮ ಬಾಸ್ ಬೆಳಿಗ್ಗೆಯೇ ಹೇಳಿ ಕಳಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆ ಹಿಡಿದು ಕೂತುಬಿಟ್ಟೆ. ಆ ಲ್ಯಾಪ್‌ಟಾಪ್ ಬಳಸಬೇಕಾಗಿದ್ದ ಅಕೌಂಟೆಂಟ್ ವಿಮಲಮ್ಮ ಮೈಸೂರಿನವರು. ಊಟದ ಡಬ್ಬಿ ಮುಚ್ಚಿಟ್ಟು ಹತ್ತಿರ ಬಂದರು.

"ಎರಡೂ ಒಟ್ಟಿಗೆ ಆಗಲ್ಲ ಮೇಡಂ," ಎಂದೆ.

"ಅಷ್ಟೇ ತಾನೇ? ನಮ್ಮ ಚಾಳಲ್ಲಿ ಎರಡು ಮನೆಗೆ ಒಂದೇ ನಲ್ಲಿ. ಐದರಿಂದ ಆರು ನಮ್ದು, ಆರರಿಂದ ಏಳು ಎದುರುಮನೆಯವರದ್ದು. ಇಪ್ಪತ್ತು ವರ್ಷದಿಂದ ಹಾಗೇ ನಡೀತಿದೆ. ಇದಕ್ಕೂ ಟೈಮ್ ಹಾಕಿಬಿಡಿ."

"ಅದು ರಿಪೇರಿ ಅಲ್ಲ ಮೇಡಂ."

"ಗೊತ್ತಪ್ಪಾ. ನಮ್ಮ ನಲ್ಲೀನೂ ಯಾರೂ ರಿಪೇರಿ ಮಾಡಲಿಲ್ಲ."

ನನ್ನ ರಿಪೋರ್ಟಿನಲ್ಲಿ ಕೆಲಸ ಸರಿಯಾಗಿದೆ ಎಂದು ಅವರೇ ಬರೆದು ಸಹಿ ಹಾಕಿದರು. ನೌಕರಿ ಉಳಿಯಿತು. ತಿಂಗಳು ಬಿಟ್ಟು ಪ್ರಿಂಟರ್ ರಿಬ್ಬನ್ ಬದಲಿಸಲು ಹೋದಾಗ ಗೋಡೆಯ ಮೇಲೊಂದು ವೇಳಾಪಟ್ಟಿ ಕಂಡಿತು: ಊಟದವರೆಗೆ ಫೋನ್ ಕಾರ್ಡು, ಊಟದ ನಂತರ ಇನ್ನೊಂದು. ಕೆಳಗೆ, ಮರ್ಯಾದೆಗೆ, ನನ್ನ ಹೆಸರು. ನನ್ನ ಸೋಲಿಗೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು.